ಕಲ್ಲಿನ ಮೊನೆಯ ಸಾಕ್ಷ್ಯ

ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿ 1842ರಲ್ಲಿ ವೈದ್ಯರೊಬ್ಬರಿಗೆ ಕಲ್ಲಿನ ಚಾಕುಗಳೂ ಬಾಣದ ಮೊನೆಗಳೂ ಸಿಕ್ಕವು. ಭಾರತದ ಪ್ರಾಗಿತಿಹಾಸಕ್ಕೆ ಸಂಬಂಧಿಸಿದ ತೀರ ಹಳೆಯ ದಾಖಲೆಗಳಲ್ಲಿ ಇದೂ ಒಂದು. 1863ರ ಮೇ ತಿಂಗಳಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ, ಭೂವಿಜ್ಞಾನಿಯೊಬ್ಬರು ಕೈಗೊಡಲಿಯನ್ನು ಗುರುತಿಸಿದರು. ಈ ಎರಡು ಘಟನೆಗಳ ನಡುವಿನ ವರ್ಷಗಳಲ್ಲಿ, ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆಯಲ್ಲೇ ಮನುಷ್ಯ ಕಡೆದ ಕಲ್ಲುಗಳೂ ಸಿಗುತ್ತವೆಂಬುದನ್ನು ಯುರೋಪಿನ ವಿದ್ವಾಂಸರು ಒಪ್ಪಿಕೊಂಡಿದ್ದರು. ಹೀಗಾಗಿ 1842ರ ಕಲ್ಲುಗಳು ಕುತೂಹಲದ ವಸ್ತುಗಳಾಗಿ ಉಳಿದರೆ, 1863ರ ಕಲ್ಲು ಸಾಕ್ಷ್ಯವಾಯಿತು. ಕಲ್ಲು ಬದಲಾಗಿರಲಿಲ್ಲ, ಅದಕ್ಕೆ ಹಾಕುವ ಪ್ರಶ್ನೆ ಬದಲಾಗಿತ್ತು.

ಆ ಪ್ರಶ್ನೆ ಇಂದಿಗೂ ಸುಲಭವಾಗಿಲ್ಲ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ರಸ್ತೆಗೆ ಕಡಿದ ದಿಬ್ಬದಲ್ಲಿ ಚೂಪಾದ ಕಲ್ಲುಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಮನುಷ್ಯ ಮಾಡಿದ್ದು ಯಾವುದು? ಮಾಡಿದ್ದೇ ಹೌದಾದರೆ ಹೇಗೆ, ಎಂದು, ಯಾವುದಕ್ಕಾಗಿ? ಮೊನೆಯ ಅಂದ ನೋಡಿ ಇದಕ್ಕೆ ಉತ್ತರ ಹೇಳುವವರು ಬಹಳ ಮಂದಿ. ಆದರೆ ನೂರೈವತ್ತು ವರ್ಷಗಳ ಅಧ್ಯಯನ ಮತ್ತೆ ಮತ್ತೆ ತೋರಿಸಿಕೊಟ್ಟಿರುವುದು ಬೇರೆಯೇ: ಆಕಾರ ಅತಿ ದುರ್ಬಲ ಸಾಕ್ಷಿ. ಏಟಿನ ಕ್ರಮ, ಸುತ್ತ ಬಿದ್ದ ಚೂರುಗಳು, ಕಲ್ಲು ಮಲಗಿದ್ದ ಪದರ, ಈ ಮೂರು ಸೇರಿದಾಗ ಮಾತ್ರ ಮೊನೆ ಮಾತನಾಡುತ್ತದೆ.

ಏಟು ಬಿಟ್ಟುಹೋಗುವ ಗುರುತು

ಎಲ್ಲ ಕಲ್ಲೂ ಮೊನೆಯಾಗುವುದಿಲ್ಲ. ಚಕಮಕಿ ಕಲ್ಲು, ಚರ್ಟ್, ಕ್ಯಾಲ್ಸೆಡನಿ, ಅಗೇಟ್, ಜ್ವಾಲಾಮುಖಿಯ ಗಾಜಾದ ಅಬ್ಸಿಡಿಯನ್, ನಯವಾದ ಕ್ವಾರ್ಟ್‌ಜೈಟ್, ಇಂಥ ಸಿಲಿಕಾ ತುಂಬಿದ ಕಲ್ಲುಗಳಿಗೆ ಒಂದು ಗುಣವಿದೆ. ಅವುಗಳೊಳಗೆ ಒಡಕಿಗೆ ದಾರಿ ತೋರಿಸುವ ಪದರವಾಗಲಿ ಎಳೆಯಾಗಲಿ ಇರುವುದಿಲ್ಲ. ಆದ್ದರಿಂದ ಏಟಿನ ಬಲ ಎಲ್ಲ ದಿಕ್ಕಿಗೂ ಒಂದೇ ರೀತಿ ಹರಡುತ್ತದೆ. ಕಿಟಕಿಯ ಗಾಜಿಗೆ ಗೋಲಿ ಬಡಿದಾಗ ಹಿಂಬದಿಯಲ್ಲಿ ಶಂಕುವಿನಾಕಾರದ ಚೂರು ಉದುರುವುದನ್ನು ಕಂಡವರಿಗೆ ಇದು ಹೊಸದಲ್ಲ. ಕಲ್ಲುಗಡ್ಡೆಯ ಅಂಚಿನಲ್ಲಿ, ತೊಂಬತ್ತು ಡಿಗ್ರಿಗಿಂತ ಕಡಿಮೆ ಕೋನವಿರುವ ಕಡೆ ಹೊಡೆದರೆ ಅದೇ ಶಂಕುವಿನ ಒಂದು ಭಾಗ ಚಕ್ಕೆಯಾಗಿ ಸಿಡಿದು ಬರುತ್ತದೆ.

ಹಾಗೆ ಬಂದ ಚಕ್ಕೆಯ ಮೈಮೇಲೆ ಏಟಿನ ದಾಖಲೆ ಉಳಿದಿರುತ್ತದೆ. ಮೇಲ್ತುದಿಯಲ್ಲಿ ಏಟು ಬಿದ್ದ ಸಣ್ಣ ಸಮತಟ್ಟು. ಅದರ ಕೆಳಗೆ ಒಳಬದಿಯಲ್ಲಿ ಒಂದು ಉಬ್ಬು. ಆ ಉಬ್ಬಿನಿಂದ ಹೊರಟು ಹರಡುವ ಬಳೆಯಂಥ ಅಲೆಗಳು. ಚಕ್ಕೆ ಬಿಟ್ಟುಹೋದ ಗಡ್ಡೆಯ ಮೇಲೆ ಇದರದೇ ತದ್ವಿರುದ್ಧ ಅಚ್ಚು, ಉಬ್ಬಿದ್ದಲ್ಲಿ ಕುಳಿ. ಗಟ್ಟಿ ಕಲ್ಲಿನಿಂದ ಹೊಡೆದಿದ್ದರೆ ಉಬ್ಬು ಎದ್ದು ಕಾಣುತ್ತದೆ. ಕೊಂಬು, ಎಲುಬು ಅಥವಾ ಗಟ್ಟಿ ಮರದ ಸುತ್ತಿಗೆಯಾದರೆ ಉಬ್ಬು ಮೆಲ್ಲಗೆ ಹರಡಿ, ಸಮತಟ್ಟಿನ ಅಂಚಿನಲ್ಲಿ ತುಟಿಯಂಥ ಸಣ್ಣ ಮಡಿಕೆ ಉಳಿಯುತ್ತದೆ. ಯಾವ ಗುರುತಿನ ಮೇಲೆ ಯಾವ ಗುರುತು ಹಾದುಹೋಗಿದೆ ಎಂದು ನೋಡುತ್ತ ಹೋದರೆ, ಯಾವ ಚಕ್ಕೆ ಮೊದಲು ಹೋಯಿತು, ಯಾವುದು ಆಮೇಲೆ ಎಂಬ ಕ್ರಮವನ್ನೂ ಹೇಳಬಹುದು. ಸಾವಿರಾರು ವರ್ಷಗಳ ಹಿಂದಿನ ಕೈಯೊಂದು ಮಾಡಿದ ನಿರ್ಧಾರಗಳನ್ನು ಹೀಗೆ ಒಂದರ ಹಿಂದೆ ಒಂದರಂತೆ ಓದಬಹುದೆಂಬುದು ಈ ಶಾಸ್ತ್ರದ ನಿಜವಾದ ಸೋಜಿಗ.

ನಮ್ಮ ನೆಲದಲ್ಲಿ ಒಂದು ತೊಡಕಿದೆ. ದಕ್ಷಿಣ ಕರ್ನಾಟಕದ ಸೂಕ್ಷ್ಮ ಶಿಲಾಯುಧಗಳಲ್ಲಿ ಬಹುಪಾಲು ಬೆಣಚುಕಲ್ಲಿನವು. ಬೆಣಚು ಒಳಗಿನ ಬಿರುಕುಗಳ ಗುಂಟ ಒಡೆಯುವುದೇ ಹೆಚ್ಚು. ಉಬ್ಬಾಗಲಿ ಅಲೆಗಳಾಗಲಿ ಸ್ಪಷ್ಟವಾಗಿ ಮೂಡುವುದಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1940ರ ದಶಕದಲ್ಲಿ ಬೆಣಚುಕಲ್ಲಿನ ಸಣ್ಣ ಆಯುಧಗಳು ವರದಿಯಾದವು. ಅನುಭವವಿಲ್ಲದ ಕಣ್ಣಿಗೆ ಅಂಥವು ಬರಿಯ ಬಿಳಿ ಜಲ್ಲಿ. ಚಕಮಕಿ ಕಲ್ಲನ್ನು ಆಧರಿಸಿ ಯುರೋಪಿನಲ್ಲಿ ಬರೆದ ಕೈಪಿಡಿಗಳು ಇಲ್ಲಿ ಅರ್ಧದಷ್ಟೇ ನೆರವಾಗುತ್ತವೆ.

ಪ್ರಕೃತಿ ಒಡೆದದ್ದು, ಮಂಗ ಒಡೆದದ್ದು

ಗುರುತುಗಳು ಇಷ್ಟು ಖಚಿತವಿದ್ದೂ ವಿದ್ವಾಂಸರು ದಶಕಗಟ್ಟಲೆ ಹಾದಿ ತಪ್ಪಿದ ಉದಾಹರಣೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಕೆಂಟ್ ಪ್ರದೇಶದಲ್ಲಿಯೂ ಫ್ರಾನ್ಸ್, ಬೆಲ್ಜಿಯಂಗಳಲ್ಲಿಯೂ ಅಂಚು ಮುರಿದ ಒರಟು ಚಕಮಕಿ ಕಲ್ಲುಗಳನ್ನು ಹೆಕ್ಕಿ, ಇವು ಮನುಷ್ಯನ ಆದಿ ಆಯುಧಗಳು ಎಂದು ವಾದಿಸಲಾಯಿತು. 1905ರ ಸುಮಾರಿಗೆ ಫ್ರಾನ್ಸಿನ ಮಾಂತ್ ಊರಿನ ಸಿಮೆಂಟ್ ಕಾರ್ಖಾನೆಯಲ್ಲಿ, ಸೀಮೆಸುಣ್ಣದ ಕಲ್ಲನ್ನು ನೀರಿನಲ್ಲಿ ಕಡೆಯುವ ಯಂತ್ರದಿಂದ ಅದೇ ರೂಪದ ಚಕಮಕಿ ಚೂರುಗಳು ಹೊರಬರುವುದನ್ನು ತೋರಿಸಿದಾಗ ಆ ವಾದದ ಬುಡ ಅಲುಗಿತು. ಕಲ್ಲು ಕಲ್ಲಿಗೆ ತಾಗಿದರೆ ಸಾಕು, ಅಂಚು ಮುರಿಯುತ್ತದೆ. ನದಿಯ ಪ್ರವಾಹವೂ ಹಿಮನದಿಯ ಒತ್ತಡವೂ ಆ ಕೆಲಸ ಮಾಡುತ್ತವೆ. ಮುಂದೆ ಅಂಚುಗಳ ಕೋನವನ್ನು ಅಳೆದು ಹೋಲಿಸುವ ಕ್ರಮ ಬಂತು. ಮನುಷ್ಯನ ಕೈಕೆಲಸದಲ್ಲಿ ಕಿರಿದಾದ ಕೋನಗಳು ಮತ್ತೆ ಮತ್ತೆ ಬರುತ್ತವೆ. ಪ್ರಕೃತಿಯ ಮುರಿತದಲ್ಲಿ ಕೋನಗಳು ಚದುರಿಹೋಗುತ್ತವೆ. ಒಂದು ಕಲ್ಲನ್ನು ನೋಡಿ ತೀರ್ಪು ಕೊಡುವ ಬದಲು ಇಡೀ ರಾಶಿಯನ್ನು ಅಳೆಯಬೇಕು ಎಂಬ ಪಾಠ ಅಲ್ಲಿಂದ ಬಂದದ್ದು.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಎಚ್ಚರಿಕೆ ಸೇರಿಕೊಂಡಿದೆ. ಬ್ರೆಜಿಲ್‌ನ ಸೆರ್ರಾ ದ ಕಾಪಿವಾರಾದಲ್ಲಿ ಕಪುಚಿನ್ ಮಂಗಗಳು ಕಲ್ಲನ್ನು ಕಲ್ಲಿಗೆ ಕುಟ್ಟುವಾಗ ಉಬ್ಬು, ಅಂಚು ಎಲ್ಲ ಇರುವ ಚಕ್ಕೆಗಳೇ ಉದುರುತ್ತವೆಂದು 2016ರಲ್ಲಿ ವರದಿಯಾಯಿತು. ಥಾಯ್ಲೆಂಡಿನಲ್ಲಿ ತಾಳೆಯ ಬೀಜ ಒಡೆಯುವ ಕೋತಿಗಳ ವಿಷಯದಲ್ಲೂ 2023ರಲ್ಲಿ ಇದೇ ತಿಳಿದುಬಂತು. ಆ ಮಂಗಗಳು ಉದುರಿದ ಚಕ್ಕೆಗಳನ್ನು ಬಳಸುವುದಿಲ್ಲ. ಅವು ಕುಟ್ಟುವಿಕೆಯ ಉಪಫಲ ಮಾತ್ರ. ಅಂದಮೇಲೆ ಬಿಡಿ ಚಕ್ಕೆಯೊಂದರಿಂದ ಮನುಷ್ಯನ ಇರುವನ್ನು ಸಾಧಿಸಲು ಹೊರಡುವುದು ದುಡುಕು. ಆದರೆ ಮೊನೆಯ ವಿಷಯ ಬೇರೆ. ಎರಡೂ ಮೈ ತೆಳುಮಾಡಿ, ಬುಡವನ್ನು ಕೋಲಿಗೆ ಹೊಂದಿಸಿದ ಮೊನೆಯನ್ನು ಯಾವ ಪ್ರವಾಹವೂ ಯಾವ ಮಂಗವೂ ಮಾಡಿದ ದಾಖಲೆಯಿಲ್ಲ. ಸಂದೇಹವಿರುವುದು ಒರಟು ಕಲ್ಲುಗಳ ಕಡೆಗೇ ಹೊರತು ಪಳಗಿದ ಕೈಕೆಲಸದ ಕಡೆಗಲ್ಲ.

ಮೊನೆ ಮೂಡುವ ಹಂತಗಳು

ಮೊನೆ ಮಾಡುವುದಕ್ಕೆ ಎರಡು ದೊಡ್ಡ ದಾರಿಗಳಿವೆ. ಒಂದರಲ್ಲಿ ಕೆಲಸವೆಲ್ಲ ಮೊದಲೇ ಮುಗಿಯುತ್ತದೆ. ಕಲ್ಲುಗಡ್ಡೆಯ ಸುತ್ತಲೂ ಚಕ್ಕೆ ತೆಗೆದು, ಮೇಲ್ಮೈಯನ್ನು ಬೇಕಾದ ಉಬ್ಬಿಗೆ ತಂದು, ಹೊಡೆಯುವ ಜಾಗವನ್ನು ಸಣ್ಣ ಏಟುಗಳಿಂದ ಹದ ಮಾಡಿ, ಕೊನೆಗೆ ಒಂದೇ ಏಟಿಗೆ ತ್ರಿಕೋನದ ಮೊನೆಯನ್ನು ಬಿಡಿಸಿಕೊಳ್ಳುವುದು. ಪ್ಯಾರಿಸ್ಸಿನ ಹೊರವಲಯದ ಊರಿನ ಹೆಸರಿನಿಂದ ಇದನ್ನು ಲೆವಾಲ್ವಾ ಪದ್ಧತಿ ಎನ್ನುತ್ತಾರೆ. ಹೊಡೆಯುವ ಮೊದಲೇ ಮೊನೆಯ ರೂಪ ಮನಸ್ಸಿನಲ್ಲಿ ಸಿದ್ಧವಿರಬೇಕು. ಆದ್ದರಿಂದಲೇ ಇದನ್ನು ಮುಂದಾಲೋಚನೆಯ ಕುರುಹಾಗಿ ಕಾಣಲಾಗುತ್ತದೆ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಈ ಪದ್ಧತಿಯ ಕಲ್ಲುಗಳಿದ್ದ ಪದರಗಳು ಸುಮಾರು 3,85,000 ವರ್ಷಗಳಿಂದ 1,72,000 ವರ್ಷಗಳ ಹಿಂದಿನವರೆಗಿನವು ಎಂದು 2018ರಲ್ಲಿ ಪ್ರಕಟವಾದ ಕಾಲನಿರ್ಣಯ ಹೇಳಿತು. ಆಧುನಿಕ ಮಾನವರು ಆಫ್ರಿಕಾದಿಂದ ಇದನ್ನು ಹೊತ್ತು ತಂದರು ಎಂಬ ಸರಳ ಕಥನಕ್ಕೆ ಇದರಿಂದ ಪೆಟ್ಟು ಬಿತ್ತು. ಅದನ್ನು ಮಾಡಿದ ಕೈ ಯಾರದು ಎಂಬುದು ಮಾತ್ರ ಕಲ್ಲಿನಿಂದ ತಿಳಿಯುವಂಥದಲ್ಲ; ಅತ್ತಿರಂಪಾಕ್ಕಂನಲ್ಲಿ ಮನುಷ್ಯರ ಎಲುಬು ಸಿಕ್ಕಿಲ್ಲ.

ಇನ್ನೊಂದು ದಾರಿಯಲ್ಲಿ ಕೆಲಸವೆಲ್ಲ ಆಮೇಲೆ. ದಪ್ಪ ಚಕ್ಕೆಯೊಂದನ್ನು ಹಿಡಿದು, ಎರಡೂ ಮೈಯಿಂದ ಚಕ್ಕೆ ತೆಗೆಯುತ್ತ ತೆಳುವಾಗಿಸುತ್ತ ಹೋಗುವುದು. ಪ್ರತಿ ಏಟಿಗೂ ಮೊದಲು ಅಂಚನ್ನು ಒರಟು ಕಲ್ಲಿನಿಂದ ಉಜ್ಜಿ ಬಲಪಡಿಸಬೇಕು. ಇಲ್ಲದಿದ್ದರೆ ಏಟಿನ ಬಲ ಒಳಗೆ ಹರಿಯದೆ ಅಂಚೇ ಪುಡಿಯಾಗುತ್ತದೆ. ಕೊನೆಯ ಹಂತದಲ್ಲಿ ಏಟಿನ ಬದಲು ಒತ್ತುವಿಕೆ. ಜಿಂಕೆಕೊಂಬಿನ ತುದಿಯನ್ನು ಅಂಚಿಗೆ ಇಟ್ಟು ಅದುಮಿದರೆ ಕಿರಿದಾದ ಉದ್ದ ಚಕ್ಕೆಗಳು ಸಾಲಾಗಿ ಏಳುತ್ತವೆ. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯ ಸುಮಾರು 75,000 ವರ್ಷ ಹಳೆಯ ಮೊನೆಗಳನ್ನು ಹೀಗೆ ಒತ್ತಿ ಮುಗಿಸಲಾಗಿತ್ತೆಂದೂ, ಅದಕ್ಕೆ ಮೊದಲು ಕಲ್ಲನ್ನು ಬೆಂಕಿಯಲ್ಲಿ ಕಾಯಿಸಲಾಗಿತ್ತೆಂದೂ 2010ರ ಪ್ರಯೋಗಗಳು ತೋರಿಸಿದವು. ನಿಧಾನವಾಗಿ ಕಾದು ನಿಧಾನವಾಗಿ ಆರಿದ ಕಲ್ಲು ಸಲೀಸಾಗಿ ಒಡೆಯುತ್ತದೆ. ಹೊಸ ಮುರಿತ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಕಬ್ಬಿಣದ ಅಂಶವಿದ್ದರೆ ಬಣ್ಣ ಕೆಂಪಿಗೆ ತಿರುಗುತ್ತದೆ. ಇದು ಪುಸ್ತಕದಲ್ಲಷ್ಟೇ ಉಳಿದ ವಿದ್ಯೆಯಲ್ಲ. ಗುಜರಾತಿನ ಖಂಭಾತ್‌ನಲ್ಲಿ ಮಣಿ ಮಾಡುವ ಕುಶಲಕರ್ಮಿಗಳು ಅಗೇಟ್ ಕಲ್ಲನ್ನು ಕಾಯಿಸಿ ಕೆಂಪಾಗಿಸುವ ಕ್ರಮವನ್ನು ಉಳಿಸಿಕೊಂಡಿದ್ದಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಆನಿಸಿ, ಕೊಂಬಿನ ತಲೆಯ ಸುತ್ತಿಗೆಯಿಂದ ಹೊಡೆದು ಚಕ್ಕೆ ಎಬ್ಬಿಸುತ್ತಾರೆ. ಹರಪ್ಪ ಕಾಲದ ಮಣಿಗಳ ತಯಾರಿಕೆಯನ್ನು ಅರಿಯಲು ಸಂಶೋಧಕರು ಅವರ ಎದುರು ಕುಳಿತು ಕಲಿತಿದ್ದಾರೆ.

ಈ ಕೌಶಲದ ತುತ್ತತುದಿ ಎನ್ನಬಹುದಾದದ್ದು ಉತ್ತರ ಅಮೆರಿಕದ ಕ್ಲೋವಿಸ್ ಮತ್ತು ಫಾಲ್ಸಮ್ ಮೊನೆಗಳು. ಸುಮಾರು 13,000 ವರ್ಷಗಳ ಹಿಂದಿನ ಕ್ಲೋವಿಸ್ ಮೊನೆಯ ಬುಡದಿಂದ ಮೇಲಕ್ಕೆ ಒಂದು ತೋಡು ಎಬ್ಬಿಸಿರುತ್ತಾರೆ. ಅದಾದ ಮೇಲೆ ಬಂದ ಫಾಲ್ಸಮ್ ಮೊನೆಯಲ್ಲಿ ಆ ತೋಡು ಎರಡೂ ಮೈಯಲ್ಲಿ ಹೆಚ್ಚುಕಡಿಮೆ ತುದಿಯವರೆಗೂ ಹರಿಯುತ್ತದೆ. ಅಷ್ಟು ಹೊತ್ತಿಗೆ ಮೊನೆ ಬಹುತೇಕ ಸಿದ್ಧವಾಗಿರುತ್ತದೆ, ತೀರ ತೆಳುವಾಗಿರುತ್ತದೆ; ಏಟು ಒಂದಿಷ್ಟು ತಪ್ಪಿದರೆ ಎರಡು ತುಂಡು. ಹಾಗೆ ಕಡೆಗಳಿಗೆಯಲ್ಲಿ ಮುರಿದವು ಆ ಕಾಲದ ಕೆಲಸದ ತಾಣಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಇಷ್ಟು ನಷ್ಟ ಏಕೆ ಒಪ್ಪಿಕೊಂಡರು? ಕೋಲಿನ ಸೀಳಿಗೆ ಬಿಗಿಯಾಗಿ ಕೂರಲಿ ಎಂದು ಎನ್ನುವವರಿದ್ದಾರೆ. ತೆಳುವಾದ ಬುಡ ಏಟಿನ ಆಘಾತವನ್ನು ತಾನು ನುಂಗಿ ತುದಿಯನ್ನು ಉಳಿಸುತ್ತದೆ ಎಂದು ಪ್ರಯೋಗ ಮಾಡಿದವರಿದ್ದಾರೆ. ಇದು ಬೇಟೆಗೆ ಮೊದಲಿನ ವಿಧಿಯೋ ಕುಶಲತೆಯ ಮೆರವಣಿಗೆಯೋ ಇರಬಹುದೆಂಬ ವಾದವೂ ಇದೆ. ತೋಡಿಲ್ಲದ ಮೊನೆಗಳೂ ಅದೇ ಬೇಟೆಗೆ ಸಾಕಾಗಿದ್ದವೆಂಬುದನ್ನು ನೆನೆದರೆ, ಬರಿಯ ಉಪಯುಕ್ತತೆಯಿಂದ ಇದನ್ನು ಪೂರ್ತಿ ವಿವರಿಸುವುದು ಕಷ್ಟ.

ಮೊನೆ ಮಾಡುವ ಕೈಯನ್ನು ಜನಾಂಗದ ಗುರುತೆಂದು ಓದುವಾಗಲೂ ತಾಳ್ಮೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ವಲಸಿಗರ ಕೊಲೆಗಡುಕತನಕ್ಕೆ ತನ್ನವರೆಲ್ಲ ಬಲಿಯಾದ ಮೇಲೆ ಒಬ್ಬನೇ ಉಳಿದಿದ್ದ ಯಾಹಿ ಸಮುದಾಯದ ವ್ಯಕ್ತಿ 1911ರಲ್ಲಿ ಹೊರಜಗತ್ತಿಗೆ ಬಂದ. ಒತ್ತಿ ಚಕ್ಕೆ ಎಬ್ಬಿಸುವ ಬಗೆಯನ್ನು ಅವನು ಮಾಡಿ ತೋರಿಸಿದಾಗ ವಿದ್ವಾಂಸರು ಕಣ್ಣಾರೆ ಕಂಡು ಬರೆದುಕೊಂಡರು. 1996ರಲ್ಲಿ ಅವನು ಮಾಡಿದ ಮೊನೆಗಳನ್ನು ಅಳೆದು ನೋಡಿದಾಗ ಅವು ಯಾಹಿ ನೆಲೆಗಳ ಮೊನೆಗಳಿಗಿಂತ ನೆರೆಯ ವಿಂಟು ಜನರ ಮೊನೆಗಳನ್ನು ಹೆಚ್ಚು ಹೋಲುತ್ತಿದ್ದವು. ಕಲಿಸಿದ ಕೈ ಯಾವುದೋ, ಆ ಕೈಯ ರೂಪ ಕಲ್ಲಿಗೆ ಇಳಿಯುತ್ತದೆ. ರಕ್ತ, ಭಾಷೆ, ಊರು ಅದರ ಜೊತೆಗೇ ಬರಬೇಕೆಂದಿಲ್ಲ.

ಈಟಿಯೋ, ಬಾಣವೋ, ಚಾಕುವೋ

ಚೂಪಾದದ್ದೆಲ್ಲ ಆಯುಧವಲ್ಲ. ಸಿಪ್ಪೆ ತೆಗೆಯಲು, ಚರ್ಮ ಕೊಯ್ಯಲು, ತೂತು ಕೊರೆಯಲು ಬಳಸಿದ ಕಲ್ಲುಗಳೂ ಮೊನೆಯಂತೆಯೇ ಕಾಣುತ್ತವೆ. ಎಸೆದ ಮೊನೆ ಗುರಿಗೆ ಬಡಿದಾಗ ತುದಿಯಲ್ಲಿ ಒಂದು ಬಗೆಯ ಮೆಟ್ಟಿಲಿನ ಮುರಿತ ಆಗುತ್ತದೆ. ಬುಡದಲ್ಲಿ ಅಂಟಿನ ಅಥವಾ ಕಟ್ಟಿನ ಕುರುಹು ಉಳಿಯಬಹುದು. ದಕ್ಷಿಣ ಆಫ್ರಿಕಾದ ಕಾಥು ಪ್ಯಾನ್‌ನ 5,00,000 ವರ್ಷ ಹಳೆಯ ಕಲ್ಲುಗಳು ಈಟಿಯ ಮೊನೆಗಳೆಂದು 2012ರಲ್ಲಿ ಇಂಥ ಮುರಿತಗಳ ಆಧಾರದ ಮೇಲೆ ಹೇಳಲಾಯಿತು. ಮಣ್ಣಿನಲ್ಲಿ ಹೂತ ಕಲ್ಲು ತುಳಿತಕ್ಕೂ ಹೀಗೆಯೇ ಮುರಿಯುತ್ತದೆ ಎಂದು ಬೇರೆಯವರು ಆಕ್ಷೇಪಿಸಿದರು. ಅಷ್ಟು ಹಳೆಯ ಕಾಲಕ್ಕೆ ಆಕ್ಷೇಪದ ಪಕ್ಷವೇ ಹೆಚ್ಚು ತೂಕದ್ದೆನಿಸುತ್ತದೆ. ಸಿರಿಯಾದ ಉಮ್ ಅಲ್ ತ್ಲೆಲ್‌ನಲ್ಲಿ ಕಾಡುಕತ್ತೆಯ ಕತ್ತಿನ ಎಲುಬಿನೊಳಗೇ ಲೆವಾಲ್ವಾ ಮೊನೆಯ ತುಂಡು ಸಿಲುಕಿದ್ದದ್ದು ಸಿಕ್ಕಿದೆ; ಅದಕ್ಕೆ 50,000ಕ್ಕೂ ಹೆಚ್ಚು ವರ್ಷ. ಅಲ್ಲಿ ವಾದಕ್ಕೆ ಎಡೆಯೇ ಇಲ್ಲ.

ಗಾತ್ರವೂ ಮಾತನಾಡುತ್ತದೆ, ಆದರೆ ಅಳತೆ ತಪ್ಪದ ಕಡೆ ಮಾತ್ರ. ಬಾಣದ ಮೊನೆ ಹಗುರವಾಗಿರಬೇಕು. ಕೈಯಿಂದ ತಿವಿಯುವ ಈಟಿಗೆ ಆ ಮಿತಿಯಿಲ್ಲ. ಅಮೆರಿಕದ ಹೊಲಗಳಲ್ಲಿ ಬಾಣದ ಮೊನೆಗಳೆಂದು ಆಯ್ದು ಇಟ್ಟುಕೊಂಡ ಅಸಂಖ್ಯ ಕಲ್ಲುಗಳು ಬಿಲ್ಲು ಅಲ್ಲಿ ಹರಡುವುದಕ್ಕೆ ಸಾವಿರಾರು ವರ್ಷ ಮೊದಲಿನವು. ಕೈದಂಡದಿಂದ ಎಸೆಯುವ ಕಿರು ಈಟಿಗಳವು. ಮೊಂಡಾದ ಮೊನೆಯನ್ನು ಮತ್ತೆ ಮತ್ತೆ ಹರಿತಗೊಳಿಸುತ್ತ ಹೋದಂತೆ ಅದು ಕುಗ್ಗುತ್ತದೆ, ಭುಜ ಕಿರಿದಾಗುತ್ತದೆ. ಒಂದೇ ಮೊನೆ ತನ್ನ ಆಯುಷ್ಯದ ಆದಿಯಲ್ಲಿ ಒಂದು ವರ್ಗಕ್ಕೂ ಅಂತ್ಯದಲ್ಲಿ ಇನ್ನೊಂದು ವರ್ಗಕ್ಕೂ ಸೇರಿದಂತೆ ಕಾಣಬಹುದು. ಚಿತ್ರಪಟ ಮುಂದಿಟ್ಟುಕೊಂಡು ಮೊನೆಗೆ ಹೆಸರು ಕೊಡುವ ಅಭ್ಯಾಸ ಎಡವುವುದು ಇಲ್ಲಿಯೇ.

ಸಿಕ್ಕ ಜಾಗ

ಮನುಷ್ಯ ಅಮೆರಿಕಕ್ಕೆ ಬಂದದ್ದು ಕೆಲವೇ ಸಾವಿರ ವರ್ಷಗಳ ಹಿಂದೆ ಎಂದು 1920ರ ದಶಕದವರೆಗೂ ಅಲ್ಲಿನ ಹಿರಿಯ ವಿದ್ವಾಂಸರು ಹಟ ಹಿಡಿದಿದ್ದರು. ನ್ಯೂ ಮೆಕ್ಸಿಕೊದ ಫಾಲ್ಸಮ್ ಊರಿನ ಬಳಿ 1908ರ ಪ್ರವಾಹದ ನಂತರ, ಕೊರೆದ ಹಳ್ಳದ ದಂಡೆಯಲ್ಲಿ ದೊಡ್ಡ ಎಲುಬುಗಳನ್ನು ಮೊದಲು ಗಮನಿಸಿದವನು ಗುಲಾಮಗಿರಿಯಲ್ಲಿ ಹುಟ್ಟಿ, ದನಗಾಹಿಯಾಗಿ ದುಡಿಯುತ್ತಿದ್ದ ಕಪ್ಪು ಜನಾಂಗದ ಒಬ್ಬ. ಅವನು ಅವುಗಳ ಮಹತ್ವವನ್ನು ಸಿಕ್ಕವರಿಗೆಲ್ಲ ಹೇಳಿದ. ಅಗೆತ ಆರಂಭವಾದದ್ದು ಅವನು ತೀರಿಕೊಂಡ ಮೇಲೆ, 1926ರಲ್ಲಿ. ಆ ವರ್ಷ ಸಡಿಲ ಮಣ್ಣಿನಲ್ಲಿ ಸಿಕ್ಕ ಮೊನೆಗಳು ಯಾರನ್ನೂ ಒಪ್ಪಿಸಲಿಲ್ಲ. 1927ರಲ್ಲಿ, ಅಳಿದುಹೋದ ಕಾಡೆಮ್ಮೆಯ ಪಕ್ಕೆಲುಬುಗಳ ನಡುವೆ ಮೊನೆಯೊಂದು ಕಂಡಾಗ ಅಗೆಯುವವರು ಅದನ್ನು ಕೀಳಲಿಲ್ಲ. ಇದ್ದಲ್ಲೇ ಬಿಟ್ಟು, ತಂತಿ ಕಳುಹಿಸಿ, ಸಂದೇಹಿಸಿದವರನ್ನೂ ತಜ್ಞರನ್ನೂ ಕರೆಸಿ ತೋರಿಸಿದರು. ದಶಕಗಳ ವಿವಾದ ಅಲ್ಲಿಗೆ ಮುಗಿಯಿತು. ಹಿಂದಿನ ವರ್ಷದ ಮೊನೆಗೂ ಈ ಮೊನೆಗೂ ಕೆಲಸದಲ್ಲಿ ವ್ಯತ್ಯಾಸವಿರಲಿಲ್ಲ. ಒಂದು ತನ್ನ ಸ್ಥಳ ಕಳೆದುಕೊಂಡಿತ್ತು, ಇನ್ನೊಂದು ಉಳಿಸಿಕೊಂಡಿತ್ತು.

ಬೆಂಕಿಗೆ ಬಿದ್ದ ಕಲ್ಲುಗಳನ್ನು ಬಿಟ್ಟರೆ, ಮೊನೆ ಎಂದು ತಯಾರಾಯಿತೆಂಬುದನ್ನು ಕಲ್ಲಿನಿಂದ ನೇರವಾಗಿ ಅಳೆಯುವುದು ಬಹುಮಟ್ಟಿಗೆ ಅಸಾಧ್ಯ. ಅಳೆಯುವುದು ಸುತ್ತಲಿನ ಮಣ್ಣನ್ನು: ಅದರ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು. ಆಂಧ್ರದ ಜ್ವಾಲಾಪುರಂನಲ್ಲಿ ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಬಿದ್ದ ಬೂದಿಯ ಪದರವಿದೆ. ಅದರ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಕೆಲಸ ಸಿಕ್ಕಿದ್ದರಿಂದ ಆಧುನಿಕ ಮಾನವರು ಆ ಹೊತ್ತಿಗೇ ಇಲ್ಲಿದ್ದರು ಎಂದು ಒಂದು ಪಕ್ಷ. ಅವರು ಬಂದದ್ದು ಆಮೇಲೆ, ಸೂಕ್ಷ್ಮ ಶಿಲಾಯುಧಗಳ ಜೊತೆಗೆ ಎಂದು ಇನ್ನೊಂದು ಪಕ್ಷ. ವಾದ ಬಗೆಹರಿದಿಲ್ಲ. ಆದರೆ ಅಂಥ ವಾದ ಸಾಧ್ಯವಾದದ್ದಾದರೂ ಪದರ ಕದಡದೆ ಉಳಿದಿದ್ದರಿಂದ.

ಆಯುವವರು, ಮಾರುವವರು, ನಕಲಿ ಮಾಡುವವರು

ಸಂಗ್ರಹದ ಗೀಳಿನ ಜೊತೆಯಲ್ಲೇ ನಕಲಿಯೂ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಲೆಮಾರಿಯೊಬ್ಬ ಚಕಮಕಿ ಮೊನೆಗಳನ್ನು ತಾನೇ ಮಾಡಿ ವಿದ್ವಾಂಸರಿಗೂ ಸಂಗ್ರಹಾಲಯಗಳಿಗೂ ಮಾರಿದ. ಬಯಲಾದ ಮೇಲೆ 1862ರಲ್ಲಿ ಲಂಡನ್ನಿನಲ್ಲಿ ಆಸಕ್ತರ ಸಭೆಯ ಮುಂದೆ ತನ್ನ ಕೈಚಳಕವನ್ನು ಮಾಡಿ ತೋರಿಸಿದ. ಇಂದು ಲೋಹದ ಸಲಕರಣೆ ಬಿಟ್ಟ ಗೆರೆ, ಮಾಸದ ಹೊಸ ಮುರಿತಗಳಿಂದ ಹಲವನ್ನು ಹಿಡಿಯಬಹುದು. ಆದರೆ ಪಳಗಿದ ಕೈಯ ನಕಲನ್ನು, ಸಿಕ್ಕ ಜಾಗದ ದಾಖಲೆಯಿಲ್ಲದೆ, ಖಚಿತವಾಗಿ ಬೇರ್ಪಡಿಸುವುದು ಸುಲಭವಲ್ಲ. ಮಾರುಕಟ್ಟೆಗೆ ಬೇಕಾದದ್ದು ಅಂದದ ಮೊನೆ; ಅಧ್ಯಯನಕ್ಕೆ ಬೇಕಾದದ್ದು ಮುರಿದ ಮೊನೆ, ಅರ್ಧಕ್ಕೆ ಬಿಟ್ಟ ಗಡ್ಡೆ, ಕೆಲಸಕ್ಕೆ ಬಾರದ ಚೂರು. ಒಂದನ್ನು ಎತ್ತಿಕೊಂಡು ಮಿಕ್ಕದ್ದನ್ನು ಚದುರಿಸಿದರೆ ಉಳಿಯುವುದು ಆಭರಣ ಮಾತ್ರ.

ಅಮೆರಿಕದಲ್ಲಿ ಖಾಸಗಿ ಜಮೀನಿನ ಮೊನೆಗಳನ್ನು ಒಡೆಯನ ಒಪ್ಪಿಗೆಯಿಂದ ಆಯ್ದುಕೊಳ್ಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ನಮ್ಮಲ್ಲಿ 1972ರ ಪುರಾವಸ್ತು ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳು ಪುರಾವಸ್ತುಗಳೇ. ಪರವಾನಗಿಯಿಲ್ಲದೆ ಮಾರುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹವ್ಯಾಸಿಗಳನ್ನು ಕಳ್ಳರಂತೆ ಕಂಡರೆ ಮಾಹಿತಿಯೇ ಬತ್ತಿಹೋಗುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಫಾಲ್ಸಮ್ ಅದಕ್ಕೆ ಸಾಕ್ಷಿ. ಎಲ್ಲರಿಗೂ ಆಯಲು ಬಿಟ್ಟರೆ ನೆಲ ಬರಿದಾಗುತ್ತದೆ ಎಂಬುದೂ ಅಷ್ಟೇ ನಿಜ. ಕಂಡದ್ದನ್ನು ಕೀಳದೆ, ಚಿತ್ರ ತೆಗೆದು, ಜಾಗ ಗುರುತು ಹಾಕಿ ತಿಳಿಸುವವರಿಗೆ ಮನ್ನಣೆ ಸಿಗುವ, ಕಿತ್ತು ಮಾರುವವರಿಗೆ ದಂಡ ಬೀಳುವ ವ್ಯವಸ್ಥೆಯೇ ಇವೆರಡರ ನಡುವಿನ ನ್ಯಾಯವಾದ ದಾರಿ. ಅದಕ್ಕೆ ತಾಲ್ಲೂಕು ಮಟ್ಟದಲ್ಲಿ ಕಲ್ಲು ನೋಡಿ ಹೇಳಬಲ್ಲ ಒಬ್ಬರಾದರೂ ಬೇಕು.

ನಮ್ಮ ನೆಲದ ಲೆಕ್ಕ

ಕರ್ನಾಟಕದಲ್ಲಿ ಕಳ್ಳ ಸಂಗ್ರಹಕ್ಕಿಂತ ದೊಡ್ಡ ಆತಂಕ ಬೇರೆ ಇದೆ. ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆ ಭಾರತದ ಹಳೆ ಶಿಲಾಯುಗದ ಅತಿ ದಟ್ಟ ನೆಲೆಗಳಲ್ಲಿ ಒಂದು. ಅಲ್ಲಿನ ಇಸಾಂಪುರದಲ್ಲಿ ಗಟ್ಟಿ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಅಲ್ಲೇ ಕೈಗೊಡಲಿ ಕಡೆದ ಕಾರ್ಯಸ್ಥಳವೊಂದು ಚಕ್ಕೆ, ಗಡ್ಡೆ, ಸುತ್ತಿಗೆಕಲ್ಲುಗಳ ಸಮೇತ ಸಿಕ್ಕಿತು. ಪ್ರಾಣಿಯ ಹಲ್ಲಿನಿಂದ ಮಾಡಿದ ಕಾಲನಿರ್ಣಯ ಅದಕ್ಕೆ ಸುಮಾರು 12 ಲಕ್ಷ ವರ್ಷ ಎಂದಿತು. ಮಾಡಿದ ವಸ್ತುವಿನ ಜೊತೆಗೆ ಮಾಡುವ ಕ್ರಿಯೆಯೂ ಉಳಿದ ಇಂಥ ಜಾಗಗಳು ಪ್ರಪಂಚದಲ್ಲೇ ವಿರಳ. ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ಆ ಸೀಮೆಯ ಒಣಹೊಲಗಳು ಗದ್ದೆಗಳಾಗಿ ಸಮತಟ್ಟಾಗಿವೆ. ನೀರನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಬರದ ನಾಡಿಗೆ ಅದು ಜೀವ. ಆದರೆ ನೆಲ ಸಮ ಮಾಡುವ ಮೊದಲು ಒಂದು ಸಮೀಕ್ಷೆ ನಡೆದರೆ ರೈತರಿಗೆ ನಷ್ಟವೇನೂ ಇಲ್ಲ.

ಬಳ್ಳಾರಿಯ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನ ಡಾಲರೈಟ್ ಕಲ್ಲನ್ನು ಬೆಟ್ಟದ ಮೇಲೇ ಕಿತ್ತು, ಚಕ್ಕೆ ತೆಗೆದು, ಕುಟ್ಟಿ, ಬಂಡೆಯ ಮೇಲೆ ತಿಕ್ಕಿ ನಯಗೊಳಿಸಿ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ತಿಕ್ಕಿದ ಗುಳಿಗಳು ಬಂಡೆಗಳ ಮೇಲೆ ಈಗಲೂ ಇವೆ. ಅದೇ ಬೆಟ್ಟಸಾಲಿನಲ್ಲಿ ಗ್ರಾನೈಟ್ ಗಣಿಗಾರಿಕೆ ಭಾಗಶಃ ಹಾನಿ ಮಾಡಿದೆ. ಜಾಲಹಳ್ಳಿಯ ಸುತ್ತ ಕಾರ್ಖಾನೆಗಳೂ ಬಡಾವಣೆಗಳೂ ಎದ್ದಿವೆ. ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ದೇಗುಲ, ಕೋಟೆಗಳಿಗೆ ಸಿಕ್ಕ ಜಾಗ, ಗೋಡೆಯೂ ಶಾಸನವೂ ಇಲ್ಲದ ಈ ಕಲ್ಲುಬಯಲುಗಳಿಗೆ ಸಿಗುವುದು ಅಪರೂಪ. ಗಣಿ ಗುತ್ತಿಗೆಗೂ ಬಡಾವಣೆ ಮಂಜೂರಾತಿಗೂ ಮೊದಲು ಪ್ರಾಗಿತಿಹಾಸದ ಸಮೀಕ್ಷೆಯನ್ನು ಕಡ್ಡಾಯಗೊಳಿಸುವುದು, ಈಗಾಗಲೇ ಪ್ರಕಟವಾದ ವರದಿಗಳಲ್ಲಿರುವ ನೆಲೆಗಳನ್ನು ಕಂದಾಯ ನಕ್ಷೆಯಲ್ಲಿ ಸರ್ವೆ ನಂಬರಿನ ಸಮೇತ ಗುರುತಿಸುವುದು, ಈ ಎರಡಕ್ಕೆ ಹೊಸ ಸಂಶೋಧನೆಯೂ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಎರಡನೆಯ ಕೆಲಸವನ್ನು ಹುಣಸಗಿ ಮತ್ತು ಬಳ್ಳಾರಿ ತಾಲ್ಲೂಕುಗಳಿಂದಲೇ ಆರಂಭಿಸಬಹುದು.